ಹಳೆಯ ಡ್ರೈವರ್‌ನ ಎಂಮ್ಯಾಪ್ ಕೋಡನ್ನು ಹೊಸ ಲಿನಕ್ಸ್ ಕರ್ನೆಲ್‌ಗೆ ಒಗ್ಗಿಸುವುದು ಹೇಗೆ?

‘5.10 ಕರ್ನೆಲ್‌ನಲ್ಲಿ ವರ್ಷಗಟ್ಟಲೆ ಓಡಿದ ಡ್ರೈವರ್ 6.6ರಲ್ಲಿ ಕಂಪೈಲೇ ಆಗುತ್ತಿಲ್ಲ, ವಿಎಂ_ಫ್ಲ್ಯಾಗ್ಸ್ ಓದುವುದಕ್ಕೆ ಮಾತ್ರ ಅಂತ ಎರರ್ ಬರುತ್ತಿದೆ, ಏನು ಮಾಡಲಿ?’ ಎಂಬೆಡೆಡ್ ಬೋರ್ಡ್‌ಗಳ ಮೇಲೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಈಗ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿದೆ: ‘6.16ರಲ್ಲಿ ಎಂಮ್ಯಾಪ್_ಪ್ರಿಪೇರ್ ಅಂತ ಹೊಸ ಹುಕ್ ಬಂದಿದೆಯಂತೆ, ನಾವೂ ಅದಕ್ಕೆ ಬದಲಾಗಬೇಕೆ?’

ಎಂಮ್ಯಾಪ್ ಎಂದರೆ ಸಾಧನದ ಮೆಮೊರಿಯನ್ನು ಯೂಸರ್ ಪ್ರೋಗ್ರಾಂನ ವಿಳಾಸಗಳಿಗೆ ನೇರವಾಗಿ ಜೋಡಿಸುವ (ಮ್ಯಾಪ್ ಮಾಡುವ) ಕರೆ. ಹುಕ್ ಎಂದರೆ ಆ ಕರೆ ಬಂದಾಗ ಕರ್ನೆಲ್ ಓಡಿಸುವ ಡ್ರೈವರ್‌ನ ಫಂಕ್ಷನ್. ವಿಎಂ_ಫ್ಲ್ಯಾಗ್ಸ್ ಎಂದರೆ ಆ ಮ್ಯಾಪ್‌ನ ಅನುಮತಿ ಮತ್ತು ಗುಣಗಳ ಗುರುತುಗಳು. ಎರಡೂ ಪ್ರಶ್ನೆಗಳಿಗೆ ಬೇರು ಒಂದೇ. ಮೊದಲು ಕರ್ನೆಲ್ ತನ್ನ ಒಳಗಿನ ವಸ್ತುವನ್ನೇ ಡ್ರೈವರ್‌ನ ಕೈಗೆ ಕೊಟ್ಟು ‘ಏನು ಬೇಕೋ ಬರೆದುಕೊ’ ಅನ್ನುತ್ತಿತ್ತು. ಈಗ ‘ನಿನಗೆ ಏನು ಬೇಕು ಹೇಳು, ಬರೆಯುವವನು ನಾನು’ ಅನ್ನುತ್ತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೆಳಗಿನ ಪ್ರತಿ ಹಂತದ ಕಾರಣವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಫಂಕ್ಷನ್ ಮತ್ತು ಫ್ಲ್ಯಾಗ್ ಹೆಸರುಗಳನ್ನು ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನಡುವಿನ ಅಡಿಗೆರೆ ಕೋಡ್‌ನಲ್ಲೂ ಅದೇ ಜಾಗದಲ್ಲಿರುತ್ತದೆ.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ವಿಎಂಎ: ಒಂದು ಪ್ರೋಸೆಸ್‌ನ ವಿಳಾಸಗಳಲ್ಲಿ ಒಂದೇ ಗುಣದ ಒಂದು ಸತತ ಭಾಗ. ಇಲ್ಲಿಂದ ಇಲ್ಲಿಯವರೆಗೆ, ಈ ಫೈಲ್‌ನಿಂದ, ಈ ಅನುಮತಿಗಳೊಂದಿಗೆ ಎಂದು ಕರ್ನೆಲ್ ಬರೆದಿಟ್ಟುಕೊಳ್ಳುವ ದಾಖಲೆ. ಅದರ ಸ್ಟ್ರಕ್ಚರ್ ಹೆಸರು ವಿಎಂ_ಏರಿಯಾ_ಸ್ಟ್ರಕ್ಟ್.

ಪಿಎಫ್‌ಎನ್: ಭೌತಿಕ ವಿಳಾಸವನ್ನು ಪೇಜ್ ಗಾತ್ರದಿಂದ ಭಾಗಿಸಿದರೆ ಬರುವ ಪೇಜ್ ಸಂಖ್ಯೆ. ಎಕ್ಸ್86ನಲ್ಲಿ ಪೇಜ್ ಎಂದರೆ 4096 ಬೈಟ್. ಆರ್ಮ್64ನಲ್ಲಿ 4, 16 ಅಥವಾ 64 ಕೆಬಿ ಆಗಿರಬಹುದು, ಆದ್ದರಿಂದ ಕೋಡ್‌ನಲ್ಲಿ ಎಲ್ಲೂ 4096 ಎಂದು ನೇರವಾಗಿ ಬರೆಯಬೇಡಿ.

ಪಿಜಿಆಫ್: ಯೂಸರ್ ಪ್ರೋಗ್ರಾಂ ಎಂಮ್ಯಾಪ್ ಕರೆಗೆ ಕೊಟ್ಟ ಆಫ್‌ಸೆಟ್, ಬೈಟ್‌ಗಳಲ್ಲಲ್ಲ, ಪೇಜ್‌ಗಳ ಲೆಕ್ಕದಲ್ಲಿ.

ಫಾಲ್ಟ್: ಮ್ಯಾಪ್ ಆದ ಜಾಗವನ್ನು ಪ್ರೋಗ್ರಾಂ ಮೊದಲ ಬಾರಿ ಮುಟ್ಟಿದಾಗ ಪೇಜ್ ಟೇಬಲ್‌ನಲ್ಲಿ ನಮೂದು ಇಲ್ಲದಿದ್ದರೆ ಸಿಪಿಯು ಕರ್ನೆಲ್‌ಗೆ ಕೊಡುವ ಕರೆ.

ಬೇಕಾದ ಸಾಮಗ್ರಿ: ಗುರಿ ಕರ್ನೆಲ್‌ನ ಪೂರ್ತಿ ಸೋರ್ಸ್ (ಬರೀ ಹೆಡರ್ ಪ್ಯಾಕೇಜ್ ಸಾಲದು, ಬೇರೆ ಡ್ರೈವರ್‌ಗಳು ಹೇಗೆ ಬದಲಾಗಿವೆ ಎಂದು ಹುಡುಕಿ ನೋಡಬೇಕಾಗುತ್ತದೆ), ಡೀಬಗ್ ಆಯ್ಕೆಗಳನ್ನು ಹಾಕಿ ಕಟ್ಟಿದ ಒಂದು ಕರ್ನೆಲ್, ಕಳೆದುಕೊಂಡರೂ ಚಿಂತೆ ಇಲ್ಲದ ಒಂದು ಬೋರ್ಡ್ ಅಥವಾ ಕ್ಯೂಎಮು ಎಂಬ ವರ್ಚುವಲ್ ಯಂತ್ರ. ಉತ್ಪಾದನೆಯಲ್ಲಿರುವ ಯಂತ್ರದ ಮೇಲೆ ಇದನ್ನು ಮಾಡಬೇಡಿ. ತಪ್ಪು ಪಿಎಫ್‌ಎನ್ ಮ್ಯಾಪ್ ಆದರೆ ಹಾಳಾಗುವುದು ಬೇರೆ ಯಾರದೋ ಮೆಮೊರಿ. ಅದು ಗೊತ್ತಾಗುವುದು ಗಂಟೆಗಳ ನಂತರ, ಸಂಬಂಧವೇ ಇಲ್ಲದ ಜಾಗದಲ್ಲಿ.

ಹಂತ 1: ಯಾವ ಮೆಮೊರಿ ಎಂದು ಮೊದಲು ಗುರುತಿಸಿ

ಹಳೆಯ ಡ್ರೈವರ್‌ಗಳಲ್ಲಿ ಎಲ್ಲದಕ್ಕೂ ರೀಮ್ಯಾಪ್_ಪಿಎಫ್‌ಎನ್_ರೇಂಜ್ ಬಳಸಿರುತ್ತಾರೆ. ಅದು ಎಲ್ಲದಕ್ಕೂ ಹೊಂದುವುದಿಲ್ಲ. ಸರಿಯಾದ ಜೋಡಿಗಳು ಇವು:

ಸಾಧನದ ರಿಜಿಸ್ಟರ್‌ಗಳು, ಪಿಸಿಐ ಬಾರ್ (ಪಿಸಿಐ ಸಾಧನ ತೆರೆದಿಡುವ ವಿಳಾಸ ವಲಯ): ವಿಎಂ_ಐಒಮ್ಯಾಪ್_ಮೆಮೊರಿ. 2013ರಿಂದ ಇದೆ. ಆರಂಭದ ಭೌತಿಕ ವಿಳಾಸ ಮತ್ತು ಉದ್ದ ಕೊಟ್ಟರೆ ಪಿಜಿಆಫ್ ಸಹಿತ ಎಲ್ಲೆಯ ಪರೀಕ್ಷೆಯನ್ನು ತಾನೇ ಮಾಡುತ್ತದೆ. ಇದು ಸಾಕಾಗುವ ಕಡೆ ಕೈಯಾರೆ ಲೆಕ್ಕ ಬರೆಯುವ ಅಗತ್ಯವೇ ಇಲ್ಲ.

ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ಪಡೆದ, ಸಾಧನವೇ ನೇರವಾಗಿ ಓದಿ ಬರೆಯುವ ಬಫರ್: ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಮಾತ್ರ. ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಎರಡು ಬಗೆ. ಒಂದು, ಬಂದ ಕರ್ನೆಲ್ ವಿಳಾಸದ ಮೇಲೆ ವರ್ಟ್_ಟು_ಫಿಸ್ ಹಾಕುವುದು. ಆ ಬಫರ್ ವಿಮ್ಯಾಲಾಕ್ ವಲಯದಲ್ಲಿ (ಚದುರಿದ ಭೌತಿಕ ಪೇಜ್‌ಗಳನ್ನು ಸತತವಾಗಿ ಕಾಣಿಸುವ ಕರ್ನೆಲ್ ವಿಳಾಸಗಳಲ್ಲಿ) ಮರುಜೋಡಣೆಯಾಗಿದ್ದರೆ ಸಿಗುವ ಉತ್ತರ ಕಸ. ಎರಡು, ಡಿಎಂಎ ವಿಳಾಸವನ್ನೇ ಪೇಜ್_ಶಿಫ್ಟ್‌ನಷ್ಟು ಬಲಕ್ಕೆ ಸರಿಸಿ ಪಿಎಫ್‌ಎನ್ ಎಂದುಕೊಳ್ಳುವುದು. ಐಒಎಂಎಂಯು (ಸಾಧನ ಬಳಸುವ ವಿಳಾಸಗಳನ್ನು ಭೌತಿಕ ವಿಳಾಸಗಳಿಗೆ ತಿರುಗಿಸುವ ಘಟಕ) ಇಲ್ಲದ ಬೋರ್ಡ್‌ನಲ್ಲಿ ಇದು ಕೆಲಸ ಮಾಡಿಬಿಡುತ್ತದೆ, ಅದೇ ಅಪಾಯ. ಐಒಎಂಎಂಯು ಇರುವ ಮುಂದಿನ ಬೋರ್ಡ್‌ಗೆ ಹೋದ ದಿನ ಆ ಸಂಖ್ಯೆ ಸಾಧನಕ್ಕೆ ಮಾತ್ರ ಅರ್ಥವಾಗುವ ವಿಳಾಸವಾಗಿರುತ್ತದೆ. ನೀವು ಮ್ಯಾಪ್ ಮಾಡಿದ್ದು ಯಾವುದೋ ಬೇರೆ ಜಾಗ.

ವಿಮ್ಯಾಲಾಕ್_ಯೂಸರ್‌ನಿಂದ ಪಡೆದದ್ದು: ರೀಮ್ಯಾಪ್_ವಿಮ್ಯಾಲಾಕ್_ರೇಂಜ್. ಬರೀ ವಿಮ್ಯಾಲಾಕ್ ಬಳಸಿದರೆ ಈ ಫಂಕ್ಷನ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ, ಏಕೆಂದರೆ ಆ ಮೆಮೊರಿಯನ್ನು ಸೊನ್ನೆ ಮಾಡಿರುವುದಿಲ್ಲ.

ಅಲಾಕ್_ಪೇಜ್‌ನಿಂದ ಬಂದ ಬಿಡಿ ಪೇಜ್‌ಗಳು: ವಿಎಂ_ಇನ್ಸರ್ಟ್_ಪೇಜ್, ಅಥವಾ ಪೂರ್ತಿ ಸರಣಿಗೆ ವಿಎಂ_ಮ್ಯಾಪ್_ಪೇಜಸ್.

ಕೆಮ್ಯಾಲಾಕ್‌ನ ಮೆಮೊರಿಯನ್ನು ಯೂಸರ್‌ಗೆ ಮ್ಯಾಪ್ ಮಾಡಲೇಬೇಡಿ. ಒಂದು ಪೇಜ್‌ನಲ್ಲಿ ನಿಮ್ಮ 512 ಬೈಟ್ ಜೊತೆಗೆ ಬೇರೆಯವರ ವಸ್ತುಗಳೂ ಕೂತಿರುತ್ತವೆ. ಪೇಜ್ ಹೋದರೆ ಅವೂ ಹೋಗುತ್ತವೆ. ವಿಎಂ_ಇನ್ಸರ್ಟ್_ಪೇಜ್ ಇಂಥ ಸ್ಲ್ಯಾಬ್ ಪೇಜನ್ನು ತಿರಸ್ಕರಿಸುತ್ತದೆ. ರೀಮ್ಯಾಪ್_ಪಿಎಫ್‌ಎನ್_ರೇಂಜ್ ಕೇಳುವುದೇ ಇಲ್ಲ, ಸುಮ್ಮನೆ ಮ್ಯಾಪ್ ಮಾಡುತ್ತದೆ.

ಹಂತ 2: ಎಲ್ಲೆಯ ಲೆಕ್ಕವನ್ನು ಸರಿಮಾಡಿ

ಇಂಟರ್‌ಫೇಸ್ ಬದಲಿಸುವ ಮುನ್ನ ಇದು ಆಗಲೇಬೇಕು. ಹಳೆಯ ದೋಷವನ್ನು ಹೊಸ ಹುಕ್‌ಗೆ ಸಾಗಿಸಿದರೆ ದುಡಿದದ್ದು ವ್ಯರ್ಥ.

ಒಂದು ಉದಾಹರಣೆ ನೋಡಿ. ಸಾಧನದ ವಲಯ 64 ಕೆಬಿ. ಡ್ರೈವರ್‌ನಲ್ಲಿ ಗಾತ್ರವನ್ನು ಇಂಟ್ ಬಗೆಯ ವೇರಿಯಬಲ್‌ಗೆ ಹಾಕಿದ್ದಾರೆ: ಕೊನೆ ಕಳೆ ಆರಂಭ. ಆಮೇಲೆ ‘ಗಾತ್ರ 65,536ಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸು’ ಎಂಬ ಸಾಲು. ನೋಡಲು ಸರಿಯಾಗಿದೆ. ಈಗ ಯಾರೋ 3 ಜಿಬಿ, ಅಂದರೆ 3,22,12,25,472 ಬೈಟ್ ಕೇಳುತ್ತಾರೆ. 32 ಬಿಟ್‌ನ ಇಂಟ್‌ಗೆ ಇಳಿದಾಗ ಅದು −1,07,37,41,824 ಆಗುತ್ತದೆ. ಋಣ ಸಂಖ್ಯೆ 65,536ಕ್ಕಿಂತ ಚಿಕ್ಕದು, ಪರೀಕ್ಷೆ ಪಾಸ್. ಮುಂದಿನ ಸಾಲಿನಲ್ಲಿ ರೀಮ್ಯಾಪ್ ಕರೆಗೆ ಮತ್ತೆ ಕೊನೆ ಕಳೆ ಆರಂಭ ಎಂದು ಮೂಲ ಗಾತ್ರವನ್ನೇ ಕೊಟ್ಟಿದ್ದಾರೆ. 64 ಕೆಬಿ ಸಾಧನದ ಹೆಸರಿನಲ್ಲಿ 3 ಜಿಬಿ ಭೌತಿಕ ವಿಳಾಸಗಳು ಸಾಮಾನ್ಯ ಯೂಸರ್ ಕೈಗೆ ಹೋದವು. ಅದರೊಳಗೆ ರ್‍ಯಾಮ್ ಇದ್ದರೆ ಆ ಯಂತ್ರದ ಮೇಲಿನ ಹಿಡಿತವೇ ಹೋದ ಹಾಗೆ.

ಆಫ್‌ಸೆಟ್ ಕಡೆಯೂ ಇಂಥದೇ ಬಲೆ. 32 ಬಿಟ್ ಯಂತ್ರದಲ್ಲಿ ಪಿಜಿಆಫ್ 10,48,576 ಇದ್ದಾಗ ಅದನ್ನು 12 ಬಿಟ್ ಎಡಕ್ಕೆ ಸರಿಸಿದರೆ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ. 2018ರಿಂದೀಚೆಗೆ ಕರ್ನೆಲ್ ತಾನೇ ಕ್ಯಾರೆಕ್ಟರ್ ಸಾಧನಗಳಿಗೆ ಇಂಥ ಆಫ್‌ಸೆಟ್ ಬರದಂತೆ ತಡೆಯುತ್ತದೆ. ಆದರೆ ನಿಮ್ಮ ಡ್ರೈವರ್ ಅದಕ್ಕಿಂತ ಹಳೆಯ ಕರ್ನೆಲ್‌ಗಳಲ್ಲೂ ಓಡುವುದಿದ್ದರೆ ಆ ಕಾವಲು ಅಲ್ಲಿಲ್ಲ.

ಬೈಟ್‌ಗಳಲ್ಲಿ ಲೆಕ್ಕ ಹಾಕುವುದನ್ನೇ ಬಿಡಿ. ಎಲ್ಲವನ್ನೂ ಪೇಜ್‌ಗಳಲ್ಲಿ, ಅನ್‌ಸೈನ್ಡ್ ಲಾಂಗ್‌ನಲ್ಲಿ ಇಡಿ. ವಲಯದ ಒಟ್ಟು ಪೇಜ್ 16 ಎಂದುಕೊಳ್ಳಿ. ಮೊದಲ ಪರೀಕ್ಷೆ: ಪಿಜಿಆಫ್ 16 ಅಥವಾ ಹೆಚ್ಚಿದ್ದರೆ ತಿರಸ್ಕರಿಸಿ. ಎರಡನೆಯದು: ಕೇಳಿದ ಪೇಜ್‌ಗಳ ಸಂಖ್ಯೆ, 16ರಲ್ಲಿ ಪಿಜಿಆಫ್ ಕಳೆದು ಉಳಿದದ್ದಕ್ಕಿಂತ ಹೆಚ್ಚಿದ್ದರೆ ತಿರಸ್ಕರಿಸಿ. ಇದೇ ಕ್ರಮ, ಇದೇ ಕಳೆಯುವ ರೂಪ. ಪಿಜಿಆಫ್‌ಗೆ ಪೇಜ್ ಸಂಖ್ಯೆ ಕೂಡಿಸಿ 16ರೊಂದಿಗೆ ಹೋಲಿಸಿದರೆ ಕೂಡುವಾಗಲೇ ಸಂಖ್ಯೆ ಸುತ್ತು ಹೊಡೆಯಬಹುದು. ಮೊದಲ ಪರೀಕ್ಷೆ ಆದಮೇಲೆ ಕಳೆದರೆ ಆ ಭಯವಿಲ್ಲ. ತಿರಸ್ಕಾರಕ್ಕೆ ಮೈನಸ್ ಇಇನ್ವ್ಯಾಲ್ (ಕೇಳಿದ್ದು ತಪ್ಪು ಎಂಬ ಎರರ್ ಸಂಖ್ಯೆ) ಹಿಂತಿರುಗಿಸಿ.

ವಲಯದ ಗಾತ್ರ ಪೇಜ್‌ನ ಪೂರ್ಣ ಗುಣಕವಲ್ಲದಿದ್ದರೆ ನಿಂತು ಯೋಚಿಸಿ. 256 ಬೈಟ್‌ನ ರಿಜಿಸ್ಟರ್ ಗುಂಪನ್ನು ಮ್ಯಾಪ್ ಮಾಡಿದರೂ ಹೋಗುವುದು ಇಡೀ ಪೇಜ್. ಉಳಿದ 3,840 ಬೈಟ್‌ಗಳಲ್ಲಿ ಪಕ್ಕದ ಸಾಧನದ ರಿಜಿಸ್ಟರ್‌ಗಳಿರಬಹುದು. ಎಸ್‌ಒಸಿ (ಬೋರ್ಡ್‌ನ ಮುಖ್ಯ ಚಿಪ್) ಮ್ಯಾನ್ಯುಯಲ್‌ನ ವಿಳಾಸ ನಕ್ಷೆ ತೆಗೆದು ನೋಡಿ. ಪಕ್ಕದಲ್ಲಿ ಬೇರೆ ಏನಾದರೂ ಇದ್ದರೆ ಎಂಮ್ಯಾಪ್ ಕೊಡಬೇಡಿ, ಐಆಕ್ಟಲ್ (ಡ್ರೈವರ್‌ಗೆ ಆಜ್ಞೆ ಕೊಡುವ ಸಿಸ್ಟಂ ಕರೆ) ಮೂಲಕ ಓದಿ ಬರೆಯಿರಿ.

ಹಂತ 3: ಫ್ಲ್ಯಾಗ್‌ಗಳನ್ನು ಮುಟ್ಟುವ ರೀತಿ ಬದಲಿಸಿ

ಕಂಪೈಲ್ ನಿಲ್ಲುವುದು ಇಲ್ಲೇ. 2023ರ ಏಪ್ರಿಲ್‌ನಲ್ಲಿ ಬಂದ 6.3ರಿಂದ ವಿಎಂಎಯ ವಿಎಂ_ಫ್ಲ್ಯಾಗ್ಸ್ ಡ್ರೈವರ್ ಪಾಲಿಗೆ ಓದುವುದಕ್ಕೆ ಮಾತ್ರ. ಪ್ರತಿ ವಿಎಂಎಗೂ ಪ್ರತ್ಯೇಕ ಬೀಗ (ಲಾಕ್) ತರುವ ಕೆಲಸ ಆಗ ನಡೆಯುತ್ತಿತ್ತು (ಅದು 6.4ರಲ್ಲಿ ಬಂತು). ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಫ್ಲ್ಯಾಗ್ ಬರೆಯುತ್ತಿದ್ದರೆ ಬೀಗ ಹಾಕಿ ಏನು ಪ್ರಯೋಜನ? ಅದಕ್ಕೇ ಬರೆಯುವ ದಾರಿಗಳನ್ನು ಕೆಲವೇ ಫಂಕ್ಷನ್‌ಗಳಿಗೆ ಕಟ್ಟಿಹಾಕಿದರು.

ಬದಲಾವಣೆ ಸರಳ. ಆರ್-ಸಮ (|=) ಹಾಕಿ ಸೇರಿಸುತ್ತಿದ್ದ ಕಡೆ ವಿಎಂ_ಫ್ಲ್ಯಾಗ್ಸ್_ಸೆಟ್. ಆಂಡ್-ಸಮ (&=) ಹಾಕಿ ತೆಗೆಯುತ್ತಿದ್ದ ಕಡೆ ವಿಎಂ_ಫ್ಲ್ಯಾಗ್ಸ್_ಕ್ಲಿಯರ್. ಎರಡೂ ಒಟ್ಟಿಗೆ ಬೇಕಾದರೆ ವಿಎಂ_ಫ್ಲ್ಯಾಗ್ಸ್_ಮಾಡ್, ಅದರಲ್ಲಿ ಸೇರಿಸುವುದು ಮೊದಲು, ತೆಗೆಯುವುದು ನಂತರ. ಈ ಕ್ರಮ ತಪ್ಪಿದರೆ ಕಂಪೈಲರ್ ಏನೂ ಹೇಳುವುದಿಲ್ಲ. ಪಾಯಿಂಟರನ್ನು ಕಾಸ್ಟ್ ಮಾಡಿ ಓದುವುದಕ್ಕೆ ಮಾತ್ರ ಎಂಬ ಗುರುತನ್ನು ಕಿತ್ತುಹಾಕುವ ಪ್ಯಾಚ್‌ಗಳು ಓಡಾಡುತ್ತಿವೆ. ಅವನ್ನು ಬಳಸಬೇಡಿ. ಎರರ್ ಹೋಗುತ್ತದೆ, ಬೀಗ ತಪ್ಪಿದ ದೋಷ ಉಳಿಯುತ್ತದೆ.

ಹಾಗೆಯೇ ಸುಮ್ಮನೆ ಬದಲಿಸುವ ಬದಲು, ಆ ಸಾಲು ಬೇಕೇ ಎಂದು ನೋಡಿ. ರೀಮ್ಯಾಪ್_ಪಿಎಫ್‌ಎನ್_ರೇಂಜ್ ಕರೆದರೆ ಅದು ನಾಲ್ಕು ಫ್ಲ್ಯಾಗ್‌ಗಳನ್ನು ತಾನೇ ಹಾಕುತ್ತದೆ: ವಿಎಂ_ಐಒ, ವಿಎಂ_ಪಿಎಫ್‌ಎನ್‌ಮ್ಯಾಪ್, ವಿಎಂ_ಡೋಂಟ್‌ಎಕ್ಸ್‌ಪ್ಯಾಂಡ್, ವಿಎಂ_ಡೋಂಟ್‌ಡಂಪ್. ಹಳೆಯ ಡ್ರೈವರ್‌ನಲ್ಲಿ ಇವನ್ನು ಮತ್ತೆ ಹಾಕುವ ಸಾಲು ಇದ್ದರೆ ಅಳಿಸಿಬಿಡಿ. ವಿಎಂ_ರಿಸರ್ವ್ಡ್ ಕಂಡರೆ ಆ ಕೋಡ್ ತೀರಾ ಹಳೆಯದು, ಆ ಫ್ಲ್ಯಾಗ್ 3.7ರಲ್ಲೇ ಹೋಯಿತು.

ಓದಲು ಮಾತ್ರ ಕೊಡುವ ಮ್ಯಾಪಿಂಗ್‌ನಲ್ಲಿ ಒಂದು ಎಚ್ಚರ. ವಿಎಂ_ರೈಟ್ ಇದ್ದರೆ ತಿರಸ್ಕರಿಸುವುದು ಅರ್ಧ ಕೆಲಸ. ಯೂಸರ್ ಮೊದಲು ಓದಲು ಮಾತ್ರ ಮ್ಯಾಪ್ ಮಾಡಿ, ಆಮೇಲೆ ಎಂಪ್ರೊಟೆಕ್ಟ್ ಕರೆದು ಬರೆಯುವ ಅನುಮತಿ ಪಡೆಯಬಹುದು. ಆಗ ನಿಮ್ಮ ಎಂಮ್ಯಾಪ್ ಫಂಕ್ಷನ್ ಮತ್ತೆ ಓಡುವುದಿಲ್ಲ. ವಿಎಂ_ಮೇರೈಟ್ ಅನ್ನೂ ತೆಗೆದುಹಾಕಿ. ‘ಮೇ’ ಎಂದು ಶುರುವಾಗುವ ಫ್ಲ್ಯಾಗ್‌ಗಳು ಮುಂದೆ ಏನನ್ನು ಕೇಳಬಹುದು ಎಂಬುದರ ಮಿತಿ.

ಪ್ರೈವೇಟ್ ಮ್ಯಾಪಿಂಗನ್ನು (ಬರೆದದ್ದು ಆ ಪ್ರೋಸೆಸ್‌ನ ಸ್ವಂತ ಪ್ರತಿಗೆ ಮಾತ್ರ ಹೋಗುವ ಬಗೆ) ತಡೆಯಲು ವಿಎಂ_ಶೇರ್ಡ್ ಪರೀಕ್ಷಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಸಾಧನದ ಫೈಲನ್ನು ಓದಲು ಮಾತ್ರ ತೆರೆದು ಮ್ಯಾಪ್_ಶೇರ್ಡ್ ಕೇಳಿದರೆ ಕರ್ನೆಲ್ ವಿಎಂ_ಶೇರ್ಡನ್ನು ತೆಗೆದಿರುತ್ತದೆ, ವಿಎಂ_ಮೇಶೇರ್ ಮಾತ್ರ ಉಳಿದಿರುತ್ತದೆ. ಆದ್ದರಿಂದ ವಿಎಂ_ಮೇಶೇರ್ ಪರೀಕ್ಷಿಸಿ. ಇಲ್ಲದಿದ್ದರೆ ನ್ಯಾಯವಾದ ಓದುಗ ಪ್ರೋಗ್ರಾಂಗಳೂ ಹೊರಗುಳಿಯುತ್ತವೆ.

ಹಂತ 4: ಕ್ಯಾಶ್ ಗುಣ

ರಿಜಿಸ್ಟರ್‌ಗಳಿಗೆ ಪಿಜಿಪ್ರಾಟ್_ನಾನ್‌ಕ್ಯಾಶ್ಡ್. ಫ್ರೇಂಬಫರ್‌ನಂಥ ದೊಡ್ಡ, ಬರೆಯುವುದೇ ಹೆಚ್ಚಿರುವ ವಲಯಕ್ಕೆ ಪಿಜಿಪ್ರಾಟ್_ರೈಟ್‌ಕಂಬೈನ್. ಆರ್ಮ್64ನಲ್ಲಿ ನಾನ್‌ಕ್ಯಾಶ್ಡ್ ಎಂದರೆ ಡಿವೈಸ್ ಬಗೆಯ ಮೆಮೊರಿ. ಅದರ ಮೇಲೆ ಹೊಂದಿಕೆ ತಪ್ಪಿದ ವಿಳಾಸದಿಂದ ಓದಿದರೆ ಸಿಗ್‌ಬಸ್ (ಪ್ರೋಗ್ರಾಂ ಅನ್ನು ಕೊಲ್ಲುವ ಸಿಗ್ನಲ್) ಬರುತ್ತದೆ. ಯೂಸರ್ ಪ್ರೋಗ್ರಾಂನ ಮೆಮ್‌ಕಾಪಿ ಎಕ್ಸ್86ನಲ್ಲಿ ಸರಿ ಇದ್ದು ಆರ್ಮ್‌ನಲ್ಲಿ ಸಾಯುವುದು ಬಹಳ ಸಲ ಇದಕ್ಕೇ. ಡಿಎಂಎ_ಎಂಮ್ಯಾಪ್_ಕೊಹೆರೆಂಟ್ ಬಳಸುವ ಕಡೆ ಈ ಗುಣವನ್ನು ನೀವು ಹಾಕಬೇಡಿ, ಅದು ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತದೆ.

ಹಂತ 5: ಫಾಲ್ಟ್ ಹ್ಯಾಂಡ್ಲರ್

ಫಾಲ್ಟ್ ಹ್ಯಾಂಡ್ಲರ್ ಇರುವ ಡ್ರೈವರ್ ಆದರೆ ಮೂರು ಬದಲಾವಣೆಗಳು ನಿಮ್ಮನ್ನು ದಾಟಿ ಹೋಗಿರಬಹುದು. 4.11ರಲ್ಲಿ ವಿಎಂಎ ಎಂಬ ಪ್ರತ್ಯೇಕ ಆರ್ಗ್ಯುಮೆಂಟ್ ಹೋಯಿತು, ಈಗ ವಿಎಂಎಫ್ (ಫಾಲ್ಟ್‌ನ ವಿವರಗಳಿರುವ ಸ್ಟ್ರಕ್ಚರ್) ಒಳಗಿಂದ ತೆಗೆದುಕೊಳ್ಳಬೇಕು. 4.17ರಿಂದ ಹಿಂತಿರುಗಿಸುವ ಬಗೆ ಇಂಟ್ ಅಲ್ಲ, ವಿಎಂ_ಫಾಲ್ಟ್_ಟಿ. 4.20ರಲ್ಲಿ ವಿಎಂ_ಇನ್ಸರ್ಟ್_ಪಿಎಫ್‌ಎನ್ ಹೋಯಿತು, ಅದರ ಜಾಗದಲ್ಲಿ ವಿಎಂಎಫ್_ಇನ್ಸರ್ಟ್_ಪಿಎಫ್‌ಎನ್ ಬಳಸಬೇಕು.

ಕೊನೆಯದರಲ್ಲಿ ಹೆಸರಿಗಿಂತ ಅರ್ಥದ ಬದಲಾವಣೆ ಮುಖ್ಯ. ಹಳೆಯದು ಮೈನಸ್ ಇನೋಮೆಮ್‌ನಂಥ ಎರರ್ ಸಂಖ್ಯೆ ಕೊಡುತ್ತಿತ್ತು, ಹೊಸದು ನೇರವಾಗಿ ಫಾಲ್ಟ್ ಕೋಡ್ ಕೊಡುತ್ತದೆ. ಗೆದ್ದರೆ ಬರುವುದು ವಿಎಂ_ಫಾಲ್ಟ್_ನೋಪೇಜ್, ಸೊನ್ನೆ ಅಲ್ಲ. ‘ಸೊನ್ನೆ ಅಲ್ಲದಿದ್ದರೆ ಸಿಗ್‌ಬಸ್’ ಎಂದು ಹಳೆಯ ಸಾಲು ಉಳಿದಿದ್ದರೆ ಗೆದ್ದ ಪ್ರತಿ ಫಾಲ್ಟ್‌ಗೂ ಪ್ರೋಗ್ರಾಂ ಸಾಯುತ್ತದೆ. ಬಂದದ್ದನ್ನು ಹಾಗೆಯೇ ಹಿಂತಿರುಗಿಸಿ, ಮುಗಿಯಿತು.

ಫಾಲ್ಟ್ ಒಳಗೆ ರೀಮ್ಯಾಪ್_ಪಿಎಫ್‌ಎನ್_ರೇಂಜ್ ಕರೆಯುವ ಡ್ರೈವರ್‌ಗಳಿವೆ. ಅದನ್ನು ನಿಲ್ಲಿಸಿ. ಅದು ಫ್ಲ್ಯಾಗ್ ಬದಲಿಸುತ್ತದೆ, ಫ್ಲ್ಯಾಗ್ ಬದಲಿಸಲು ಎಂಮ್ಯಾಪ್_ಲಾಕ್ (ಪ್ರೋಸೆಸ್‌ನ ಎಲ್ಲ ವಿಎಂಎಗಳನ್ನು ಕಾಯುವ ಬೀಗ) ಬರೆಯುವ ರೀತಿಯಲ್ಲಿ ಕೈಯಲ್ಲಿರಬೇಕು, ಫಾಲ್ಟ್ ಹೊತ್ತಿನಲ್ಲಿ ಓದುವ ಬೀಗವಷ್ಟೇ ಇರುತ್ತದೆ. ಫ್ಲ್ಯಾಗ್‌ಗಳನ್ನು ಮ್ಯಾಪ್ ಆಗುವಾಗಲೇ ಹಾಕಿಟ್ಟು, ಫಾಲ್ಟ್‌ನಲ್ಲಿ ವಿಎಂಎಫ್_ಇನ್ಸರ್ಟ್_ಪಿಎಫ್‌ಎನ್ ಮಾತ್ರ ಬಳಸಿ.

4 ಎಂಬಿ ಬಫರ್‌ಗೆ 4 ಕೆಬಿ ಪೇಜ್ ಲೆಕ್ಕದಲ್ಲಿ 1,024 ಫಾಲ್ಟ್ ಆಗುತ್ತದೆ. ಯೂಸರ್ ಮ್ಯಾಪ್_ಪಾಪ್ಯುಲೇಟ್ ಹಾಕಿದರೂ ಪ್ರಯೋಜನವಿಲ್ಲ, ವಿಎಂ_ಐಒ ಅಥವಾ ವಿಎಂ_ಪಿಎಫ್‌ಎನ್‌ಮ್ಯಾಪ್ ಇರುವ ವಿಎಂಎಗಳನ್ನು ಆ ಹಾದಿ ಬಿಟ್ಟುಹೋಗುತ್ತದೆ. ವೇಗ ಬೇಕಿದ್ದರೆ ಮೊದಲ ಫಾಲ್ಟ್‌ನಲ್ಲೇ ಲೂಪ್ ಹಾಕಿ ಇಡೀ ವಿಎಂಎ ತುಂಬಿ. ಎರಡು ಥ್ರೆಡ್ ಒಟ್ಟಿಗೆ ಬಂದು ಒಂದೇ ಪೇಜನ್ನು ಎರಡು ಸಲ ತುಂಬಲು ಹೋದರೂ ಎರಡನೆಯದಕ್ಕೆ ನೋಪೇಜ್ ಎಂದೇ ಉತ್ತರ ಬರುತ್ತದೆ, ತೊಂದರೆಯಿಲ್ಲ.

ಹಂತ 6: ಎಂಮ್ಯಾಪ್_ಪ್ರಿಪೇರ್‌ಗೆ ಬದಲಾಗುವುದು

2025ರ ಜುಲೈನಲ್ಲಿ ಬಿಡುಗಡೆಯಾದ 6.16ರಲ್ಲಿ ಫೈಲ್_ಆಪರೇಷನ್ಸ್ (ಡ್ರೈವರ್ ಕರ್ನೆಲ್‌ಗೆ ಕೊಡುವ ಫಂಕ್ಷನ್‌ಗಳ ಟೇಬಲ್) ಒಳಗೆ ಈ ಹುಕ್ ಬಂತು. ಕರ್ನೆಲ್‌ನ ಮೆಮೊರಿ ವಿಭಾಗದ ನಿರ್ವಾಹಕರಲ್ಲಿ ಒಬ್ಬರಾದ ಲೊರೆಂಜೊ ಸ್ಟೋಕ್ಸ್ ಇದನ್ನು ತಂದವರು. ಹಳೆಯ ಹುಕ್‌ನ ತೊಂದರೆ ಇದು: ವಿಎಂಎ ಅರ್ಧ ಕಟ್ಟಿರುವಾಗಲೇ ಅದು ಡ್ರೈವರ್‌ನ ಕೈಗೆ ಹೋಗುತ್ತಿತ್ತು. ಡ್ರೈವರ್ ಅದರಲ್ಲಿ ಏನನ್ನು ಬದಲಿಸಿತು ಎಂದು ಆಮೇಲೆ ಕರ್ನೆಲ್ ಊಹಿಸಬೇಕು. ನಡುವೆ ಎರರ್ ಬಂದರೆ ಅಷ್ಟನ್ನೂ ಬಿಚ್ಚಬೇಕು. ಆ ಬಿಚ್ಚುವ ಹಾದಿಯಲ್ಲಿದ್ದ ದೋಷಗಳನ್ನು 2024ರಲ್ಲಿ ಜಾನ್ ಹಾರ್ನ್ ಬೆಳಕಿಗೆ ತಂದರು, ತಿದ್ದುಪಡಿಗಳು ಆ ವರ್ಷದ ಕೊನೆಯಲ್ಲಿ ಬಂದವು.

ಹೊಸ ಹುಕ್‌ಗೆ ವಿಎಂಎ ಸಿಗುವುದೇ ಇಲ್ಲ, ಏಕೆಂದರೆ ಅದು ಇನ್ನೂ ಹುಟ್ಟಿಲ್ಲ. ಸಿಗುವುದು ವಿಎಂ_ಏರಿಯಾ_ಡೆಸ್ಕ್ ಎಂಬ ಅರ್ಜಿ ನಮೂನೆ. ಅದರಲ್ಲಿ ಎಂಎಂ (ಪ್ರೋಸೆಸ್‌ನ ಇಡೀ ವಿಳಾಸ ವಲಯದ ದಾಖಲೆ), ಆರಂಭ ಮತ್ತು ಕೊನೆಯ ವಿಳಾಸಗಳನ್ನು ಓದಬಹುದು, ಬದಲಿಸುವಂತಿಲ್ಲ. ಪಿಜಿಆಫ್, ಫೈಲ್, ವಿಎಂ_ಫ್ಲ್ಯಾಗ್ಸ್, ಪೇಜ್_ಪ್ರಾಟ್ ತುಂಬಿ ಬಂದಿರುತ್ತವೆ, ಬೇಕಿದ್ದರೆ ತಿದ್ದಬಹುದು. ವಿಎಂ_ಆಪ್ಸ್ (ಫಾಲ್ಟ್ ಹ್ಯಾಂಡ್ಲರ್‌ನಂಥ ಫಂಕ್ಷನ್‌ಗಳ ಟೇಬಲ್) ಮತ್ತು ಪ್ರೈವೇಟ್_ಡೇಟಾ ಜಾಗಗಳನ್ನು ನೀವು ತುಂಬಬೇಕು.

ಫಾಲ್ಟ್ ಆಧಾರಿತ ಡ್ರೈವರನ್ನು ಬದಲಿಸುವ ಕ್ರಮ:

ಅ) ಹಂತ 2ರ ಎಲ್ಲೆಯ ಪರೀಕ್ಷೆಯನ್ನು ಡೆಸ್ಕ್‌ನ ವಿಳಾಸಗಳ ಮೇಲೆ ಬರೆಯಿರಿ.

ಆ) ವಿಎಂ_ಮೇಶೇರ್ ಇಲ್ಲದಿದ್ದರೆ ತಿರಸ್ಕರಿಸಿ. ಇದು ಬಿಟ್ಟರೆ ಏನಾಗುತ್ತದೆ ಗೊತ್ತೇ? ಯೂಸರ್ ಪ್ರೈವೇಟ್ ಎಂದು ಮ್ಯಾಪ್ ಮಾಡಿ ಒಮ್ಮೆ ಮುಟ್ಟಿದರೆ ಸಾಕು, ಪಿಎಫ್‌ಎನ್‌ಮ್ಯಾಪ್ ಇರುವ ಕಾಪಿ-ಆನ್-ರೈಟ್ ವಿಎಂಎ ಕಂಡು ವಿಎಂಎಫ್_ಇನ್ಸರ್ಟ್_ಪಿಎಫ್‌ಎನ್ ಒಳಗಿನ ಬಗ್_ಆನ್ ಸಿಡಿಯುತ್ತದೆ. ಸಾಮಾನ್ಯ ಯೂಸರ್ ಕರ್ನೆಲ್ಲನ್ನೇ ಉರುಳಿಸಿದಂತೆ.

ಇ) ವಿಎಂ_ಐಒ, ವಿಎಂ_ಪಿಎಫ್‌ಎನ್‌ಮ್ಯಾಪ್, ವಿಎಂ_ಡೋಂಟ್‌ಎಕ್ಸ್‌ಪ್ಯಾಂಡ್, ವಿಎಂ_ಡೋಂಟ್‌ಡಂಪ್ ನಾಲ್ಕನ್ನೂ ಈಗ ನೀವೇ ಹಾಕಿ. ಮೊದಲು ರೀಮ್ಯಾಪ್ ಹಾಕಿಕೊಡುತ್ತಿತ್ತು, ಈಗ ಹಾಕುವವರಿಲ್ಲ. ಇದನ್ನು ಮರೆಯುವವರೇ ಹೆಚ್ಚು.

ಈ) ಪೇಜ್_ಪ್ರಾಟ್‌ಗೆ ಹಂತ 4ರ ಗುಣ, ವಿಎಂ_ಆಪ್ಸ್‌ಗೆ ನಿಮ್ಮ ಟೇಬಲ್‌ನ ವಿಳಾಸ, ಪ್ರೈವೇಟ್_ಡೇಟಾಗೆ ನಿಮ್ಮ ಸಾಧನದ ಪಾಯಿಂಟರ್. ಸೊನ್ನೆ ಹಿಂತಿರುಗಿಸಿ.

ಉ) ಫೈಲ್_ಆಪರೇಷನ್ಸ್‌ನಿಂದ ಹಳೆಯ ಎಂಮ್ಯಾಪ್ ಸಾಲನ್ನು ತೆಗೆಯಿರಿ. ಎರಡೂ ಇದ್ದರೆ ಕರ್ನೆಲ್ ಲಾಗ್‌ನಲ್ಲಿ ಒಂದು ಸಲ ಎಚ್ಚರಿಕೆ ಬರುತ್ತದೆ, ಯೂಸರ್‌ಗೆ ಇನೋಡೆವ್ ಸಿಗುತ್ತದೆ. ‘ಸಾಧನವೇ ಇಲ್ಲ ಅನ್ನುತ್ತಿದೆ’ ಎಂದು ವೈರಿಂಗ್ ಹುಡುಕುವ ಮುನ್ನ ಇದನ್ನು ನೋಡಿ.

ಮ್ಯಾಪ್ ಆಗುವ ಹೊತ್ತಿನಲ್ಲೇ ರೀಮ್ಯಾಪ್ ಮಾಡುವ ಡ್ರೈವರ್‌ಗೆ 6.16ರಲ್ಲಿ ದಾರಿಯಿರಲಿಲ್ಲ, ವಿಎಂಎ ಇಲ್ಲದೆ ರೀಮ್ಯಾಪ್ ಎಲ್ಲಿಗೆ? ನಂತರ ಎಂಮ್ಯಾಪ್_ಆಕ್ಷನ್_ರೀಮ್ಯಾಪ್ ಎಂಬ ಬಗೆಯ ಸಹಾಯಕಗಳು ಸೇರಿದವು. ‘ಈ ಪಿಎಫ್‌ಎನ್‌ನಿಂದ ಇಷ್ಟನ್ನು ಮ್ಯಾಪ್ ಮಾಡು’ ಎಂದು ಡೆಸ್ಕ್‌ನಲ್ಲೇ ಬರೆದುಕೊಟ್ಟರೆ ವಿಎಂಎ ಕಟ್ಟಿದ ಮೇಲೆ ಕರ್ನೆಲ್ ಅದನ್ನು ನಡೆಸುತ್ತದೆ. ನಿಮ್ಮ ಗುರಿ ಕರ್ನೆಲ್‌ನ ಎಂಎಂ ಹೆಡರ್‌ನಲ್ಲಿ ಈ ಹೆಸರನ್ನು ಹುಡುಕಿ. ಸಿಗದಿದ್ದರೆ ಹಳೆಯ ಎಂಮ್ಯಾಪ್ ಹುಕ್‌ನಲ್ಲೇ ಇರಿ. ಹೊಸದು ಬಂದಾಗ ಹಳೆಯದನ್ನು ಕಿತ್ತುಹಾಕಲಿಲ್ಲ, ಡ್ರೈವರ್‌ಗಳು ಒಂದೊಂದಾಗಿ ಬದಲಾಗುತ್ತಿವೆ. ಮೇನ್‌ಲೈನ್‌ಗೆ ಹೊಸ ಡ್ರೈವರ್ ಕಳುಹಿಸುವುದಾದರೆ ಮಾತ್ರ ಮೊದಲಿನಿಂದಲೇ ಹೊಸ ಹುಕ್‌ನಲ್ಲಿ ಬರೆಯಿರಿ.

ಈಗ ಅತ್ಯಂತ ಮುಖ್ಯವಾದ ಎಚ್ಚರಿಕೆ. ಎಂಮ್ಯಾಪ್_ಪ್ರಿಪೇರ್ ಒಳಗೆ ಮ್ಯಾಪ್‌ಗಳು ಎಷ್ಟಿವೆ ಎಂಬ ಎಣಿಕೆ ಹೆಚ್ಚಿಸಬೇಡಿ, ಮೆಮೊರಿ ಹಂಚಬೇಡಿ, ಸಾಧನವನ್ನು ಎಬ್ಬಿಸಬೇಡಿ. ನೀವು ಸೊನ್ನೆ ಹಿಂತಿರುಗಿಸಿದ ಮೇಲೂ ವಿಎಂಎ ಹಂಚಿಕೆ ಸೋಲಬಹುದು, ಇಲ್ಲವೇ ಪಕ್ಕದ ವಿಎಂಎ ಜೊತೆ ಕೂಡಿಹೋಗಬಹುದು. ಆಗ ನೀವು ಹಿಡಿದದ್ದನ್ನು ಬಿಡಲು ನಿಮ್ಮನ್ನು ಯಾರೂ ಕರೆಯುವುದಿಲ್ಲ. ಹಳೆಯ ಡ್ರೈವರ್‌ಗಳಲ್ಲಿ ಎಂಮ್ಯಾಪ್ ಕೊನೆಗೆ ತಮ್ಮದೇ ವಿಎಂ_ಓಪನ್ ಕರೆದು ಎಣಿಕೆ ಏರಿಸುವ ಪದ್ಧತಿಯಿದೆ (ಮೊದಲ ಮ್ಯಾಪ್‌ಗೆ ಕರ್ನೆಲ್ ಓಪನ್ ಕರೆಯುವುದಿಲ್ಲ, ಫೋರ್ಕ್ ಆದಾಗ, ವಿಎಂಎ ಒಡೆದಾಗ ಅಥವಾ ಎಂರೀಮ್ಯಾಪ್‌ನಿಂದ ಅದು ಜಾಗ ಬದಲಿಸಿದಾಗ ಕರೆಯುತ್ತದೆ). ಅದು ಇಲ್ಲಿ ಸಾಗದು.

ಹೆಚ್ಚಿನ ಡ್ರೈವರ್‌ಗಳಿಗೆ ಆ ಎಣಿಕೆ ಬೇಕಾಗಿಯೂ ಇಲ್ಲ. ಪ್ರತಿ ವಿಎಂಎ ತನ್ನ ಫೈಲನ್ನು ಹಿಡಿದಿರುತ್ತದೆ. ಪ್ರೋಗ್ರಾಂ ಕ್ಲೋಸ್ ಕರೆದರೂ ಕೊನೆಯ ಮ್ಯಾಪಿಂಗ್ ಹೋಗುವವರೆಗೆ ನಿಮ್ಮ ರಿಲೀಸ್ ಫಂಕ್ಷನ್ ಓಡುವುದಿಲ್ಲ. ಬಫರನ್ನು ಓಪನ್‌ನಲ್ಲಿ ಪಡೆದು ರಿಲೀಸ್‌ನಲ್ಲಿ ಬಿಟ್ಟರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ಐಆಕ್ಟಲ್ ಮೂಲಕ ಬಫರ್ ಬಿಡುವ ಸೌಲಭ್ಯ ಕೊಟ್ಟಿದ್ದರೆ ಮಾತ್ರ ಈ ನೆಮ್ಮದಿ ಇರುವುದಿಲ್ಲ. ಆಗ ಬಿಡುವ ಮುನ್ನ ಅನ್‌ಮ್ಯಾಪ್_ಮ್ಯಾಪಿಂಗ್_ರೇಂಜ್ ಕರೆದು ಎಲ್ಲ ಪ್ರೋಸೆಸ್‌ಗಳ ಪೇಜ್ ಟೇಬಲ್‌ನಿಂದ ಆ ಭಾಗವನ್ನು ಅಳಿಸಿ, ಮುಂದಿನ ಫಾಲ್ಟ್‌ಗೆ ವಿಎಂ_ಫಾಲ್ಟ್_ಸಿಗ್‌ಬಸ್ ಕೊಡಿ. ಸಾಧನವನ್ನು ಓಡುತ್ತಿರುವಾಗಲೇ ಕಿತ್ತರೂ ಇದೇ ಮದ್ದು. ಮೊದಲು ‘ಹೋಗಿದೆ’ ಎಂಬ ಗುರುತು ಹಾಕಿ, ಆಮೇಲೆ ಅನ್‌ಮ್ಯಾಪ್ ಮಾಡಿ. ಕ್ರಮ ತಿರುಗಿದರೆ ಎರಡರ ನಡುವೆ ಒಂದು ಫಾಲ್ಟ್ ನುಸುಳಿ ಹಳೆಯ ಪೇಜನ್ನು ಮತ್ತೆ ಕೂರಿಸುತ್ತದೆ. ಅನ್‌ಮ್ಯಾಪ್ ನಡೆಯುವಾಗ ಫಾಲ್ಟ್‌ನ ಲೂಪ್ ಅರ್ಧದಲ್ಲಿದ್ದರೂ ಇದೇ ಗತಿ, ಆದ್ದರಿಂದ ಗುರುತು ನೋಡುವುದು ಮತ್ತು ಪೇಜ್ ತುಂಬುವುದು ಎರಡೂ ಒಂದೇ ಬೀಗದೊಳಗೆ ಇರಲಿ.

ಹಂತ 7: ಬೀಗಗಳ ಕ್ರಮ

ಹಳೆಯ ಹುಕ್ ಇರಲಿ ಹೊಸದಿರಲಿ, ಓಡುವಾಗ ಎಂಮ್ಯಾಪ್_ಲಾಕ್ ಕರ್ನೆಲ್ ಕೈಯಲ್ಲಿರುತ್ತದೆ. ಅದರೊಳಗೆ ನೀವು ಡ್ರೈವರ್‌ನ ಮ್ಯೂಟೆಕ್ಸ್ ಹಿಡಿಯುತ್ತೀರಿ. ಇನ್ನೊಂದು ಕಡೆ ರೀಡ್ ಅಥವಾ ಐಆಕ್ಟಲ್‌ನಲ್ಲಿ ಅದೇ ಮ್ಯೂಟೆಕ್ಸ್ ಹಿಡಿದು ಕಾಪಿ_ಟು_ಯೂಸರ್ ಕರೆಯುತ್ತೀರಿ. ಅದಕ್ಕೆ ಪೇಜ್ ಸಿಗದಿದ್ದರೆ ಫಾಲ್ಟ್, ಫಾಲ್ಟ್‌ಗೆ ಎಂಮ್ಯಾಪ್_ಲಾಕ್ ಬೇಕು. ಎರಡು ಥ್ರೆಡ್ ಎದುರುಬದುರು ನಿಂತವು. ಇದು ಅಭಿವೃದ್ಧಿ ಬೋರ್ಡ್‌ನಲ್ಲಿ ಬಹುತೇಕ ಕಾಣುವುದಿಲ್ಲ, ಗ್ರಾಹಕರ ಕಡೆ ಮೆಮೊರಿ ಒತ್ತಡ ಬಂದಾಗ ಕಾಣುತ್ತದೆ. ಕಾಪಿಯನ್ನು ಮ್ಯೂಟೆಕ್ಸ್ ಹೊರಗೆ ತನ್ನಿ: ಒಳಗೆ ತಾತ್ಕಾಲಿಕ ಬಫರ್‌ಗೆ ತೆಗೆದುಕೊಂಡು, ಬೀಗ ಬಿಟ್ಟು, ಆಮೇಲೆ ಕಾಪಿ. ಪ್ರೂವ್_ಲಾಕಿಂಗ್ ಹಾಕಿದ ಕರ್ನೆಲ್ ಇದನ್ನು ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಮೊದಲೇ ಹೇಳುತ್ತದೆ.

ಹಂತ 8: ಹಲವು ಕರ್ನೆಲ್‌ಗಳಿಗೆ ಒಂದೇ ಸೋರ್ಸ್

ಡ್ರೈವರ್ ಮೈತುಂಬ ಆವೃತ್ತಿ ಪರೀಕ್ಷೆಗಳನ್ನು ಚೆಲ್ಲಬೇಡಿ. ಡ್ರೈವರನ್ನು ಹೊಸ ಶೈಲಿಯಲ್ಲೇ ಬರೆದು, ಹಳೆಯ ಕರ್ನೆಲ್‌ಗಾಗಿ ವಿಎಂ_ಫ್ಲ್ಯಾಗ್ಸ್_ಸೆಟ್ ಮತ್ತು ಕ್ಲಿಯರ್ ಎಂಬ ಎರಡೆರಡು ಸಾಲಿನ ಫಂಕ್ಷನ್‌ಗಳನ್ನು ಒಂದೇ ಕಂಪ್ಯಾಟ್ ಹೆಡರ್‌ನಲ್ಲಿಡಿ. ಹಳೆಯದನ್ನು ಕೈಬಿಡುವ ದಿನ ಆ ಫೈಲ್ ಅಳಿಸಿದರೆ ಆಯಿತು.

ಆವೃತ್ತಿ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಡಿಸ್ಟ್ರಿಬ್ಯೂಷನ್ ಮತ್ತು ವೆಂಡರ್ ಕರ್ನೆಲ್‌ಗಳು ಮುಂದಿನ ಬದಲಾವಣೆಗಳನ್ನು ಹಿಂದಿನ ಸಂಖ್ಯೆಗೆ ತಂದಿರುತ್ತವೆ. ಆಗ ‘6.3ಕ್ಕಿಂತ ಹಳೆಯದಾದರೆ ನನ್ನ ಫಂಕ್ಷನ್ ಬಳಸು’ ಎಂಬ ಸಾಲಿಂದ ಒಂದೇ ಹೆಸರು ಎರಡು ಸಲ ಘೋಷಣೆಯಾಗಿ ಕಂಪೈಲ್ ನಿಲ್ಲುತ್ತದೆ. ಮೇಕ್‌ಫೈಲ್‌ನಲ್ಲಿ ಗುರಿ ಕರ್ನೆಲ್‌ನ ಹೆಡರ್‌ನಲ್ಲಿ ಆ ಹೆಸರು ಇದೆಯೇ ಎಂದು ಗ್ರೆಪ್ ಮಾಡಿ, ಸಿಕ್ಕರೆ ಒಂದು ಮ್ಯಾಕ್ರೊ ಹಾಕಿ. ಎಂಮ್ಯಾಪ್_ಪ್ರಿಪೇರ್‌ಗೂ ಅದೇ ಉಪಾಯ. ಅಲ್ಲಿ ಎಲ್ಲೆಯ ಲೆಕ್ಕವನ್ನು ಬೇರೆ ಫಂಕ್ಷನ್ ಮಾಡಿ ಎರಡು ಹುಕ್‌ಗಳಿಂದಲೂ ಕರೆಯಿರಿ. ಲೆಕ್ಕದ ಎರಡು ಪ್ರತಿ ಇಟ್ಟರೆ ಒಂದಿಲ್ಲೊಂದು ದಿನ ಒಂದನ್ನು ಮಾತ್ರ ತಿದ್ದುತ್ತೀರಿ.

ಹಂತ 9: ಪರೀಕ್ಷೆ

ಡೀಬಗ್_ವಿಎಂ, ಪ್ರೂವ್_ಲಾಕಿಂಗ್, ಕಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಆಯ್ಕೆ) ಮೂರನ್ನೂ ಹಾಕಿದ ಕರ್ನೆಲ್ ಬೂಟ್ ಮಾಡಿ. ಒಂದು ಚಿಕ್ಕ ಸಿ ಪ್ರೋಗ್ರಾಂ ಬರೆದು ಸಾಧನದ ಫೈಲ್ ಮೇಲೆ ಇವನ್ನು ಓಡಿಸಿ. 16 ಪೇಜ್ ವಲಯದ ಲೆಕ್ಕ ಹಿಡಿಯೋಣ:

ಆಫ್‌ಸೆಟ್ 0, 16 ಪೇಜ್: ಆಗಬೇಕು. ಆಫ್‌ಸೆಟ್ 15, 1 ಪೇಜ್: ಆಗಬೇಕು. ಆಫ್‌ಸೆಟ್ 15, 2 ಪೇಜ್: ಆಗಬಾರದು. ಆಫ್‌ಸೆಟ್ 16, 1 ಪೇಜ್: ಆಗಬಾರದು. 0ಯಿಂದ 3 ಜಿಬಿ: ಆಗಬಾರದು. ಪ್ರೈವೇಟ್, ಬರೆಯುವ ಅನುಮತಿಯೊಂದಿಗೆ: ಆಗಬಾರದು. ಓದಲು ಮಾತ್ರ ತೆರೆದು ಶೇರ್ಡ್: ಆಗಬೇಕು. ಓದುವ ಮ್ಯಾಪಿಂಗ್‌ಗೆ ಎಂಪ್ರೊಟೆಕ್ಟ್‌ನಿಂದ ಬರೆಯುವ ಅನುಮತಿ: ನೀವು ಮೇರೈಟ್ ತೆಗೆದಿದ್ದರೆ ಇಅಕ್ಸೆಸ್ ಬರಬೇಕು. ಎಂರೀಮ್ಯಾಪ್‌ನಿಂದ ದೊಡ್ಡದು ಮಾಡುವುದು: ಸೋಲಬೇಕು, ಗೆದ್ದರೆ ಡೋಂಟ್‌ಎಕ್ಸ್‌ಪ್ಯಾಂಡ್ ಬಿಟ್ಟುಹೋಗಿದೆ. ಮ್ಯಾಪ್ ಮಾಡಿ, ನಡುವಿನ ಒಂದು ಪೇಜನ್ನು ಮಾತ್ರ ಮನ್‌ಮ್ಯಾಪ್ ಮಾಡಿ, ಫೋರ್ಕ್ ಮಾಡಿ, ಮಗು ಪ್ರೋಸೆಸ್ ಮೊದಲು ಸಾಯಲಿ: ಮ್ಯಾಪ್‌ಗಳ ಎಣಿಕೆ ಇಟ್ಟಿದ್ದರೆ ಅದು ಕೊನೆಗೆ ಸೊನ್ನೆಗೆ ಬರಬೇಕು.

ಪ್ರೋಗ್ರಾಂ ಮ್ಯಾಪ್ ಹಿಡಿದು ನಿಂತಿರುವಾಗ ಪ್ರಾಕ್ ಒಳಗೆ ಆ ಪ್ರೋಸೆಸ್‌ನ ಎಸ್‌ಮ್ಯಾಪ್ಸ್ ಫೈಲ್ ತೆರೆದು ನಿಮ್ಮ ಸಾಧನದ ಹೆಸರಿನ ಕೆಳಗಿರುವ ವಿಎಂಫ್ಲ್ಯಾಗ್ಸ್ ಸಾಲು ಓದಿ. ಎರಡೆರಡು ಅಕ್ಷರಗಳ ಗುರುತುಗಳಿರುತ್ತವೆ. ‘ಐಒ’, ‘ಪಿಎಫ್’, ‘ಡಿಇ’, ‘ಡಿಡಿ’ ನಾಲ್ಕೂ ಕಾಣಬೇಕು, ಇವೇ ಹಂತ 6ರ ಆ ನಾಲ್ಕು ಫ್ಲ್ಯಾಗ್‌ಗಳು. ‘ಎಂಡಬ್ಲ್ಯೂ’ ಎಂದರೆ ಮೇರೈಟ್, ಓದಲು ಮಾತ್ರ ಇರುವ ವಲಯದಲ್ಲಿ ಅದು ಕಾಣಬಾರದು. ಹಳೆಯ ಕರ್ನೆಲ್‌ನಲ್ಲಿ ಇದೇ ಸಾಲನ್ನು ಮೊದಲೇ ಬರೆದಿಟ್ಟುಕೊಂಡು ಹೊಸದರ ಜೊತೆ ಪಕ್ಕಪಕ್ಕ ಇಟ್ಟು ನೋಡಿ. ಒಂದು ಗುರುತು ಹೆಚ್ಚು ಕಡಿಮೆಯಾದರೂ ಕಾರಣ ಸಿಗುವವರೆಗೆ ಆ ಪ್ಯಾಚನ್ನು ಯಾರಿಗೂ ಕಳುಹಿಸಬೇಡಿ.